ತಿಂಗಳಿಗೆ ಎಷ್ಟು ದಿನ? ಚಿಕ್ಕಬಳ್ಳಾಪುರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಚಿಕ್ಕಬಳ್ಳಾಪುರ.

ವಿಷಯ: ತಲೆನೋವಿನ ಮಾತ್ರೆಯಿಂದಲೇ ಹೆಚ್ಚುವ ತಲೆನೋವಿನ ಬಗ್ಗೆ ಜಿಲ್ಲೆಯ ಜನರಿಗೆ ತಿಳಿಸಬೇಕೆಂದು ಕೋರಿಕೆ.

ಮಾನ್ಯರೇ,

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬಿನವನು, ಅಂದರೆ ರೀಲರ್. ಆರು ಬೇಸಿನ್‌ಗಳ (ಗೂಡು ಹಾಕುವ ಬಿಸಿನೀರಿನ ತೊಟ್ಟಿಗಳ) ಚಿಕ್ಕ ಘಟಕ ನಡೆಸುತ್ತೇನೆ. ಬೆಳಿಗ್ಗೆ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜು ಹಿಡಿಯುವುದು, ಮಿಕ್ಕ ಹೊತ್ತೆಲ್ಲ ಘಟಕದಲ್ಲಿ ಕಳೆಯುವುದು ನನ್ನ ದಿನಚರಿ. ವೈದ್ಯಕೀಯ ಓದಿದವನಲ್ಲ. ಆದರೂ ಈ ಪತ್ರ ಬರೆಯುವ ಹೊಣೆ ನನ್ನ ಮೇಲಿದೆ ಅನ್ನಿಸಿದೆ. ಯಾಕೆಂದರೆ ನಾನು ಹೇಳಹೊರಟಿರುವುದು ನನ್ನ ಲೆಕ್ಕದ ಪುಸ್ತಕದಲ್ಲಿ, ನನ್ನದೇ ಕೈಬರಹದಲ್ಲಿದೆ.

ನೂಲು ಬಿಚ್ಚುವ ಕೋಣೆಯೊಳಗೆ ನೀವು ಬಂದಿದ್ದೀರೋ ಇಲ್ಲವೋ ತಿಳಿಯದು. ಒಂದು ಕಡೆ ಗೂಡು ಬೇಯಿಸುವ ಒಲೆ, ಅದರ ಹೊಗೆ. ಬೇಸಿನ್‌ಗಳಿಂದ ಏಳುವ ಬಿಸಿ ಆವಿ. ಬೆಂದ ಹುಳುವಿನ ವಾಸನೆ ಎಷ್ಟು ಗಾಢವಾಗಿರುತ್ತದೆಂದರೆ ಹೊಸಬರು ಹತ್ತು ನಿಮಿಷ ನಿಲ್ಲಲಾರರು. ಅದರ ನಡುವೆ ಹೆಂಗಸರು ಬೆಳಿಗ್ಗೆ ಏಳಕ್ಕೆ ಕೂತರೆ, ಬಿಸಿನೀರಿಗೆ ಬೆರಳು ಅದ್ದಿ ಗೂಡಿನ ತುದಿ ಹಿಡಿದು, ಎಂಟು ಹತ್ತು ಗೂಡುಗಳ ಎಳೆಯನ್ನು ಒಂದಾಗಿ ಮೇಲೆ ಹರಿಸುತ್ತಾರೆ. ಎಳೆ ಕಡಿದ ಕೂಡಲೇ ಜೋಡಿಸಬೇಕು, ಆದ್ದರಿಂದ ಕಣ್ಣು ಕೀಳುವಂತಿಲ್ಲ. ತಿಂಡಿ ತಿನ್ನದೆ ಬಂದವರಿಗೆ ಹನ್ನೊಂದರ ಹೊತ್ತಿಗೆ ತಲೆ ಹಿಡಿದುಕೊಳ್ಳುತ್ತದೆ.

ಅದಕ್ಕೆಂದು ನಾನು ಗೋಡೆಯ ಮಾಡದಲ್ಲಿ ಒಂದು ತಗಡಿನ ಡಬ್ಬಿ ಇಟ್ಟಿದ್ದೆ. ಬಿಸ್ಕತ್ತಿನ ಹಳೆಯ ಡಬ್ಬಿ. ಅದರಲ್ಲಿ ಬ್ಯಾಂಡೇಜು, ಸುಟ್ಟಗಾಯದ ಮುಲಾಮು, ಗ್ಯಾಸ್ ಮಾತ್ರೆ ಮತ್ತು ತಲೆನೋವಿನ ಮಾತ್ರೆ ಇರುತ್ತಿದ್ದವು. ಬೇಕಾದವರು ಬೇಕಾದಾಗ ತೆಗೆದುಕೊಳ್ಳಬಹುದಿತ್ತು. ನಮ್ಮ ಹೆಂಗಸರು ಮಾತ್ರೆಗಾಗಿ ಬಿಸಿಲಲ್ಲಿ ಮೆಡಿಕಲ್ ಅಂಗಡಿಯವರೆಗೆ ನಡೆಯಬಾರದು, ಕೂಲಿಯ ದುಡ್ಡು ಅದಕ್ಕೆ ಹೋಗಬಾರದು ಎಂಬುದು ನನ್ನ ಉದ್ದೇಶವಾಗಿತ್ತು. ಕೆಟ್ಟ ಉದ್ದೇಶವೇನಲ್ಲ.

ನನ್ನಲ್ಲಿ ಹದಿನಾಲ್ಕು ವರ್ಷಗಳಿಂದ ದುಡಿಯುತ್ತಿರುವ ಒಬ್ಬ ಅಕ್ಕ ಇದ್ದಾರೆ. ಹೆಸರು ಬರೆಯುವುದಿಲ್ಲ. ಅವರಿಗೆ ಹುಡುಗಿಯಾಗಿದ್ದಾಗಿನಿಂದ ಅರೆತಲೆನೋವು. ತಿಂಗಳಿಗೆ ಒಂದೋ ಎರಡೋ ಸಲ ಬರುತ್ತಿತ್ತು. ಬಂದ ದಿನ ಬೆಳಕು ನೋಡಲಾಗದು, ವಾಂತಿ. ತಲೆಗೆ ಸೀರೆಯ ಸೆರಗನ್ನು ಬಿಗಿದು ಕಟ್ಟಿ, ಗೂಡಿನ ಚೀಲಗಳ ಹಿಂದೆ ಕತ್ತಲಲ್ಲಿ ಒಂದು ಗಳಿಗೆ ಮಲಗಿ ಏಳುತ್ತಿದ್ದರು. ಪಿತ್ತ ಎನ್ನುತ್ತಿದ್ದರು, ನಾವೂ ಹಾಗೆಂದೇ ನಂಬಿದ್ದೆವು. ಡಬ್ಬಿ ಬಂದ ಮೇಲೆ ಮಲಗುವುದು ನಿಂತಿತು. ಒಂದು ಮಾತ್ರೆ, ಒಂದು ಲೋಟ ಚಹಾ, ಮತ್ತೆ ಬೇಸಿನ್ ಮುಂದೆ. ನನಗೆ ಸಮಾಧಾನವೇ ಆಗಿತ್ತು.

ಆಮೇಲೆ ನಡೆದದ್ದು ಒಂದೇ ದಿನದಲ್ಲಿ ನಡೆಯಲಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ. ತಿಂಗಳಿಗೆ ಎರಡು ಸಲ ಬರುತ್ತಿದ್ದ ನೋವು ವಾರಕ್ಕೆ ಎರಡು ಸಲವಾಯಿತು. ನಂತರ ದಿನ ಬಿಟ್ಟು ದಿನ. ಕೊನೆಗೆ ಬೆಳಿಗ್ಗೆ ಕಣ್ಣು ಬಿಡುವಾಗಲೇ ತಲೆ ಭಾರ. ಮಾತ್ರೆ ನುಂಗಿದರೆ ಮೂರು ತಾಸು ಬಿಡುವು, ಮತ್ತೆ ಅದೇ. ಒಂದು ಘಟ್ಟದಲ್ಲಿ ಅವರು ನೋವು ಬರುವ ಮೊದಲೇ, ಬರಬಾರದೆಂದು, ಮನೆಯಲ್ಲೇ ಒಂದು ನುಂಗಿ ಬರತೊಡಗಿದ್ದರು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ನಡುವೆ ಅವರು ಹೋಗದ ಜಾಗವಿಲ್ಲ. ಒಬ್ಬರು ಕನ್ನಡಕ ಬರೆದುಕೊಟ್ಟರು. ಇನ್ನೊಂದು ಕಡೆ ಸೂಜಿ ಹಾಕಿ, ಇನ್ನೂ ಜೋರಿನ ಮಾತ್ರೆ ಕೊಟ್ಟರು. ಮಗನ ಕಾಲೇಜು ಶುಲ್ಕಕ್ಕೆ ಕೂಡಿಟ್ಟ ದುಡ್ಡಿನಲ್ಲಿ ತಲೆಯ ಸ್ಕ್ಯಾನ್ ಆಯಿತು. ಅದರಲ್ಲಿ ಏನೂ ಇಲ್ಲ ಎಂದು ಬಂದಾಗ ಮನೆಯವರು, ‘ಇವಳದು ನೆಪ’ ಎಂದು ಮಾತಾಡಿಕೊಂಡರು. ಆ ಮಾತು ಅವರನ್ನು ತಲೆನೋವಿಗಿಂತ ಹೆಚ್ಚು ನೋಯಿಸಿತು ಎಂದು ನಾನು ಬಲ್ಲೆ.

ಕಡೆಗೆ ಬೆಂಗಳೂರಿನಲ್ಲಿ ಒಬ್ಬ ನರರೋಗ ತಜ್ಞರ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವರು ಸ್ಕ್ಯಾನ್ ಕಾಗದವನ್ನು ನೋಡಿ ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿದರು: ‘ತಿಂಗಳಿಗೆ ಎಷ್ಟು ದಿನ ಮಾತ್ರೆ ತೆಗೆದುಕೊಳ್ಳುತ್ತೀರಿ?’

ಅಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ನೋವು ಎಲ್ಲಿ, ಹೇಗೆ, ಎಷ್ಟು ಕಾಲದಿಂದ ಎಂದು.

ಉತ್ತರ ನನ್ನ ಬಳಿ ಇತ್ತು, ಮನೆಯಲ್ಲಿ. ಗೂಡಿನ ಖರೀದಿ, ಸೌದೆ, ಕೂಲಿ, ಕರೆಂಟು ಬಿಲ್ಲು ಬರೆಯುವ ಪುಸ್ತಕದಲ್ಲೇ ಡಬ್ಬಿಯ ಖರ್ಚನ್ನೂ ಬರೆಯುತ್ತೇನೆ. ಆ ರಾತ್ರಿ ಹಳೆಯ ಪುಸ್ತಕಗಳನ್ನು ತೆಗೆದು ಕೂತೆ. ಮೂರು ವರ್ಷಗಳ ಹಿಂದೆ ‘ಮಾತ್ರೆ 1 ಶೀಟ್’ ಎಂಬ ಸಾಲು ತಿಂಗಳಿಗೆ ಒಂದು ಸಲ ಬರುತ್ತದೆ, ಅದೂ ಎಲ್ಲ ಹೆಂಗಸರಿಗೂ ಸೇರಿ. ಮರುವರ್ಷದ ಯುಗಾದಿಯ ಹೊತ್ತಿಗೆ ಎರಡು. ಕಳೆದ ದೀಪಾವಳಿಯ ತಿಂಗಳಲ್ಲಿ ಐದು ಶೀಟ್, ಅಂದರೆ ಐವತ್ತು ಮಾತ್ರೆ. ಉಳಿದವರನ್ನು ವಿಚಾರಿಸಿದೆ. ಅವರೆಲ್ಲರದೂ ಸೇರಿ ಹತ್ತು ದಾಟಲಿಲ್ಲ. ಐದು ಸಲವೂ ನಾನೇ ಹೋಗಿ ತಂದಿದ್ದೆ, ನಾನೇ ಬರೆದಿದ್ದೆ, ಒಮ್ಮೆಯೂ ಕೈ ತಡೆದು ಯೋಚಿಸಿರಲಿಲ್ಲ.

ಮಾನ್ಯರೇ, ಆಮೇಲೆ ಆ ವೈದ್ಯರು ತಿಳಿಸಿದ್ದನ್ನು, ನಾನು ಓದಿ ಕೇಳಿ ಖಚಿತಪಡಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ಇದು ಹೊಸದಲ್ಲ, ಆದರೆ ಈ ಪತ್ರ ನಿಮ್ಮೊಬ್ಬರಿಗೇ ಅಲ್ಲ.

ಮೊದಲೇ ಅರೆತಲೆನೋವು ಅಥವಾ ಬಿಗಿತದ ತಲೆನೋವು (ತಲೆಗೆ ಪಟ್ಟಿ ಬಿಗಿದಂತೆ ಅನ್ನಿಸುವುದು) ಇರುವವರು ನೋವಿನ ಮಾತ್ರೆಯನ್ನು ಪದೇ ಪದೇ ತೆಗೆದುಕೊಂಡರೆ, ಆ ಮಾತ್ರೆಯೇ ತಲೆನೋವನ್ನು ನಿತ್ಯದ ಕಾಟವಾಗಿ ಮಾಡಬಲ್ಲದು. ವೈದ್ಯಲೋಕ ಇದನ್ನು ಒಂದು ಪ್ರತ್ಯೇಕ ಕಾಯಿಲೆಯೆಂದೇ ಒಪ್ಪಿದೆ. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದ 2018ರ ಮೂರನೇ ಆವೃತ್ತಿಯಲ್ಲಿ ಅದಕ್ಕೆ ಲೆಕ್ಕವನ್ನೂ ಕೊಟ್ಟಿದ್ದಾರೆ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು, ಜೊತೆಗೆ ಮೂರು ತಿಂಗಳಿಗೂ ಮೀರಿ ಮಾತ್ರೆಯ ಅತಿಬಳಕೆ. ಅತಿ ಎಂದರೆ ಎಷ್ಟು? ಬರೀ ಪ್ಯಾರಸಿಟಮಾಲ್, ಐಬುಪ್ರೊಫೇನ್, ಆಸ್ಪಿರಿನ್‌ನಂಥವಾದರೆ ತಿಂಗಳಿಗೆ 15 ದಿನ. ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳು, ಕೊಡೀನ್ ಅಥವಾ ಟ್ರಮಡಾಲ್‌ನಂಥ ಅಫೀಮಿನ ಬಗೆಯ ಔಷಧ ಇರುವವು, ಅರೆತಲೆನೋವಿಗೆಂದೇ ಇರುವ ಟ್ರಿಪ್ಟಾನ್ ಮತ್ತು ಎರ್ಗೋಟಮೈನ್ ಮಾತ್ರೆಗಳಾದರೆ ತಿಂಗಳಿಗೆ 10 ದಿನ ಸಾಕು. ನಮ್ಮ ಅಂಗಡಿಗಳಲ್ಲಿ ‘ತಲೆನೋವಿಗೆ ಒಂದು ಕೊಡಿ’ ಎಂದರೆ ಸಿಗುವವುಗಳಲ್ಲಿ ಅನೇಕವು ಕೆಫೀನ್ ಸೇರಿದ ಮಿಶ್ರ ಮಾತ್ರೆಗಳು. ನನ್ನ ಡಬ್ಬಿಯಲ್ಲಿದ್ದದ್ದೂ ಅದೇ ಜಾತಿಯದು. ಅದರ ಜೊತೆಗೆ ಚಹಾ ಬೇರೆ.

ಇಲ್ಲಿ ಜನ ತಪ್ಪು ತಿಳಿಯುವ ಒಂದು ಸೂಕ್ಷ್ಮವಿದೆ. ಎಣಿಸಬೇಕಾದದ್ದು ಮಾತ್ರೆಗಳನ್ನಲ್ಲ, ದಿನಗಳನ್ನು. ಹಲ್ಲುನೋವೆಂದು ಮೂರು ದಿನ ಹೊತ್ತಿಗೊಂದರಂತೆ ನುಂಗಿದವರಿಗೆ ಈ ತೊಂದರೆಯಿಲ್ಲ. ವಾರಕ್ಕೆ ನಾಲ್ಕು ದಿನ ಬರೀ ಒಂದೊಂದು ನುಂಗುವ ಅರೆತಲೆನೋವಿನವರು, ‘ನಾನು ದಿನಕ್ಕೆ ಒಂದೇ ತಾನೇ’ ಎಂದುಕೊಂಡೇ ಇದರೊಳಗೆ ಬೀಳುತ್ತಾರೆ.

ನಾನು ವೈದ್ಯರೊಡನೆ ವಾದವನ್ನೂ ಮಾಡಿದೆ. ನಮ್ಮ ತಂದೆ ಮಂಡಿನೋವಿಗೆ ಎಷ್ಟೋ ವರ್ಷ ದಿನವೂ ಮಾತ್ರೆ ನುಂಗಿದವರು. ಅವರ ಹೊಟ್ಟೆ ಹಾಳಾಯಿತು, ಬಿಪಿ ಏರಿತು, ಆದರೆ ತಲೆನೋವೆಂದು ಒಂದು ದಿನವೂ ಮಲಗಲಿಲ್ಲ. ಮಾತ್ರೆಯಿಂದ ತಲೆನೋವು ಬರುವುದಾದರೆ ಅವರಿಗೇಕೆ ಬರಲಿಲ್ಲ? ವೈದ್ಯರು ಹೇಳಿದ ಉತ್ತರ ನನ್ನನ್ನು ಸುಮ್ಮನಾಗಿಸಿತು. ಕೀಲುನೋವಿಗೆ ದಿನವೂ ನೋವಿನ ಮಾತ್ರೆ ನುಂಗುವವರಿಗೆ, ತಲೆನೋವಿನ ಸ್ವಭಾವ ಮೊದಲೇ ಇಲ್ಲದಿದ್ದರೆ, ಅದು ಹೊಸದಾಗಿ ಹುಟ್ಟುವುದಿಲ್ಲ. ಇದು ತಲೆನೋವಿನ ಮೈಯವರಿಗೆ ಮಾತ್ರ ಬೀಸಿರುವ ಬಲೆ. ಅವರ ಮೆದುಳಿನಲ್ಲಿ ನೋವನ್ನು ಗ್ರಹಿಸುವ ವ್ಯವಸ್ಥೆ ಪದೇ ಪದೇ ಬೀಳುವ ಔಷಧಕ್ಕೆ ಹೊಂದಿಕೊಂಡು ಇನ್ನಷ್ಟು ಚುರುಕಾಗುತ್ತದೆ. ಔಷಧದ ಅಂಶ ಇಳಿಯುತ್ತಿದ್ದಂತೆ ನೋವು ಮರಳುತ್ತದೆ, ಅದಕ್ಕೆ ಮತ್ತೊಂದು ಮಾತ್ರೆ. ನೋವು ಹೆಚ್ಚಿದ್ದರಿಂದ ಮಾತ್ರೆ ಹೆಚ್ಚಿತೋ, ಮಾತ್ರೆ ಹೆಚ್ಚಿದ್ದರಿಂದ ನೋವು ಹೆಚ್ಚಿತೋ ಎಂಬ ಬಗ್ಗೆ ತಜ್ಞರಲ್ಲೂ ಚರ್ಚೆಯಿದೆ. ಒಂದು ಇನ್ನೊಂದನ್ನು ತಳ್ಳುತ್ತದೆ ಎಂಬುದನ್ನು ನನ್ನ ಪುಸ್ತಕದ ಪುಟಗಳಲ್ಲಿ ನಾನು ನೋಡಿದ್ದೇನೆ.

ಇದು ಎಲ್ಲೋ ಒಬ್ಬರಿಗೆ ಬರುವ ಅಪರೂಪದ ಕಾಯಿಲೆಯೂ ಅಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಗಿದೆ. ಒಂದು ವರ್ಷದ ಅವಧಿಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಅರೆತಲೆನೋವು ಕಂಡಿತ್ತು. ಮಾತ್ರೆಯ ಅತಿಬಳಕೆಯದೆಂದು ಅಂದಾಜಿಸಬಹುದಾದ ತಲೆನೋವು ಶೇಕಡಾ 1.2. ಗಂಡಸರಿಗಿಂತ ಹೆಂಗಸರಲ್ಲಿ ಐದು ಪಟ್ಟು, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಈ ಕೊನೆಯ ಎರಡು ಮಾತುಗಳನ್ನು ಓದಿದಾಗ ನನಗೆ ನಮ್ಮ ತಾಲ್ಲೂಕಿನ ಹುಳುಮನೆಗಳು, ನೂಲಿನ ಘಟಕಗಳು, ನಸುಕಿನಲ್ಲಿ ಗಾರ್ಮೆಂಟ್ಸ್ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಹನ್ನೆರಡೂವರೆ ಲಕ್ಷ ಜನ. ವಯಸ್ಕರು ಏಳು ಲಕ್ಷ ಎಂದು ಕಡಿಮೆ ಹಿಡಿದು, ಅದೇ ಪ್ರಮಾಣ ಇಲ್ಲೂ ಇದೆಯೆಂದು ಗುಣಿಸಿದರೂ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಆಗುತ್ತಾರೆ. ಇದು ನನ್ನ ಒರಟು ಲೆಕ್ಕ. ನಿಜವಾದ ಲೆಕ್ಕ ಹಾಕುವ ಶಕ್ತಿ ನಿಮ್ಮ ಕಚೇರಿಗಿದೆ.

ಅಕ್ಕನ ಚಿಕಿತ್ಸೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಯಾಕೆಂದರೆ ನನ್ನ ಮುಖ್ಯ ಕೋರಿಕೆ ಅಲ್ಲಿಂದಲೇ ಹುಟ್ಟಿದೆ. ವೈದ್ಯರು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲು ಹೇಳಿದರು. ಅಕ್ಕನ ಮಾತ್ರೆ ಹಾಗೆ ನಿಲ್ಲಿಸಬಹುದಾದದ್ದು. ಕೊಡೀನ್, ಟ್ರಮಡಾಲ್, ನಿದ್ರೆಯ ಮಾತ್ರೆ ಹಿಡಿದವರು ವೈದ್ಯರ ಕಣ್ಗಾವಲಿನಲ್ಲಿ ಮೆಲ್ಲಮೆಲ್ಲಗೆ ಇಳಿಸಬೇಕಾಗುತ್ತದೆ. ಹೃದಯಕ್ಕೆಂದು ವೈದ್ಯರು ಕೊಟ್ಟಿರುವ ಆಸ್ಪಿರಿನ್ ಅನ್ನು ಈ ಪತ್ರ ಓದಿ ಯಾರೂ ನಿಲ್ಲಿಸಬಾರದು. ನೋವಿನ ಮಾತ್ರೆಗೆ ಬದಲಾಗಿ, ನೋವು ಬರುವುದನ್ನೇ ಕಡಿಮೆ ಮಾಡುವ ಒಂದು ಔಷಧವನ್ನು ಕಡಿಮೆ ಪ್ರಮಾಣದಲ್ಲಿ ರಾತ್ರಿ ತೆಗೆದುಕೊಳ್ಳಲು ಬರೆದರು. ‘ದಿನವೂ ನುಂಗಬೇಡಿ ಎಂದವರೇ ದಿನವೂ ನುಂಗಲು ಕೊಟ್ಟಿದ್ದಾರಲ್ಲ’ ಎಂದು ಅಕ್ಕ ಗಾಬರಿಯಾದರು. ನೋವನ್ನು ಅಡಗಿಸುವ ಮಾತ್ರೆ ಬೇರೆ, ನೋವನ್ನು ತಡೆಯುವ ಮಾತ್ರೆ ಬೇರೆ ಎಂದು ಅವರಿಗೆ ತಿಳಿಯಪಡಿಸಲು ಎರಡು ಸಲ ಹೇಳಬೇಕಾಯಿತು. ಈ ವ್ಯತ್ಯಾಸವನ್ನು ಕನ್ನಡದಲ್ಲಿ, ಸಮಾಧಾನದಿಂದ ಹೇಳುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ.

ನಿಲ್ಲಿಸಿದ ಎರಡನೆಯ ದಿನದಿಂದ ಶುರುವಾಯಿತು. ವೈದ್ಯರು ಮೊದಲೇ ಎಚ್ಚರಿಸಿದ್ದರು: ಎರಡರಿಂದ ಹತ್ತು ದಿನ ನೋವು ಈಗಿರುವುದಕ್ಕಿಂತ ಹೆಚ್ಚಾಗುತ್ತದೆ, ವಾಕರಿಕೆ, ನಿದ್ರೆ ಬಾರದಿರುವುದು, ಚಡಪಡಿಕೆ ಇರುತ್ತದೆ, ಆಮೇಲೆ ಇಳಿಯುತ್ತದೆ ಎಂದು. ಮೂರನೆಯ ರಾತ್ರಿ ಅಕ್ಕ ಗೋಡೆಗೆ ಹಣೆ ಒತ್ತಿಕೊಂಡು ಕೂತಿದ್ದರಂತೆ. ಮಗ ಮಾತ್ರೆ ತರಲು ಹೊರಟವನನ್ನು ಅವರೇ ತಡೆದರು. ಬಾಗಿಲಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದರು. ನೀರು, ಗಂಜಿ, ಒದ್ದೆ ಬಟ್ಟೆ. ಒಂಬತ್ತನೆಯ ದಿನ ಬೆಳಿಗ್ಗೆ ಎದ್ದು ಅಂಗಳದಲ್ಲಿ ಕೂತು, ತಲೆ ಹಗುರಾಗಿದೆ ಎಂದು ನನಗೆ ಫೋನ್ ಮಾಡಿದರು. ಆ ದನಿಯನ್ನು ನಾನು ಮರೆಯಲಾರೆ.

ಎರಡು ತಿಂಗಳಲ್ಲಿ ನೋವಿನ ದಿನಗಳು ತಿಂಗಳಿಗೆ ನಾಲ್ಕೈದಕ್ಕೆ ಇಳಿದವು. ಪೂರ್ತಿ ಹೋಗಿಲ್ಲ, ಅರೆತಲೆನೋವು ಅವರ ಮೈಯಲ್ಲೇ ಇದೆ. ವರಮಹಾಲಕ್ಷ್ಮಿ ಹಬ್ಬದ ಉಪವಾಸದ ಮರುದಿನ ಜೋರಾಗಿ ಬಂತು. ಬಂದಾಗ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ, ವೈದ್ಯರು ಹೇಳಿದ ಮಿತಿಯೊಳಗೆ. ಮತ್ತೆ ಹಳೆಯ ದಾರಿಗೆ ಜಾರುವವರು ಮೊದಲ ವರ್ಷದಲ್ಲಿ ಕಡಿಮೆಯೇನಿಲ್ಲವಂತೆ. ಹಾಗಾಗಿ ಅವರ ಬೇಸಿನ್ ಪಕ್ಕದ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ. ನೋವು ಬಂದ ದಿನ ಒಂದು ಗೆರೆ, ಮಾತ್ರೆ ನುಂಗಿದ ದಿನ ಒಂದು ಸೊನ್ನೆ. ಈಗ ಬೇರೆ ಹೆಂಗಸರೂ ಅದರಲ್ಲಿ ತಮ್ಮ ಗೆರೆ ಎಳೆಯತೊಡಗಿದ್ದಾರೆ.

ಆ ಒಂಬತ್ತು ದಿನಗಳನ್ನು ನೆನೆಯಿರಿ, ಮಾನ್ಯರೇ. ‘ಮಾತ್ರೆ ನಿಲ್ಲಿಸಿ’ ಎಂಬ ಸಲಹೆಗೆ ಖರ್ಚಿಲ್ಲ ಎಂದು ಅನ್ನಿಸುತ್ತದೆ. ದಿನಗೂಲಿಯ ಹೆಂಗಸಿಗೆ ಅದರ ಬೆಲೆ ಒಂಬತ್ತು ದಿನಗಳ ಕೂಲಿ. ನಾನು ಪೂರ್ತಿ ಕೂಲಿ ಕೊಟ್ಟೆ, ಯಾಕೆಂದರೆ ಡಬ್ಬಿ ಇಟ್ಟವನು ನಾನು. ಎಲ್ಲ ಮಾಲೀಕರೂ ಕೊಡುವುದಿಲ್ಲ, ಕೊಡುವ ಶಕ್ತಿ ಎಲ್ಲರಿಗೂ ಇರುವುದೂ ಇಲ್ಲ. ಕೂಲಿ ಕಳೆದುಕೊಳ್ಳಲಾರದ ಕಾರಣಕ್ಕೇ ಈ ಹೆಂಗಸರು ಮಾತ್ರೆ ಹಿಡಿದದ್ದು, ಅದೇ ಕಾರಣಕ್ಕೆ ಬಿಡಲಾರರು. ಆದ್ದರಿಂದ ಕಾಯಿಲೆ ಇಷ್ಟು ಬಲಿಯುವ ಮೊದಲೇ, ತಿಂಗಳಿಗೆ ಆರೇಳು ದಿನ ಎನ್ನುವಾಗಲೇ ಅವರನ್ನು ಗುರುತಿಸಬೇಕು. ಅದಕ್ಕೆ ಯಂತ್ರ ಬೇಡ, ಸ್ಕ್ಯಾನ್ ಬೇಡ. ಆ ಒಂದು ಪ್ರಶ್ನೆ ಸಾಕು.

ನಮ್ಮ ಜಿಲ್ಲೆಗೆ ಈ ಕೆಲಸ ಹೊಸದಾಗಿಯೂ ಆಗಬೇಕಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಎಂಬ ಮೆದುಳಿನ ಆರೋಗ್ಯದ ಯೋಜನೆ ಮೊದಲ ಹಂತಕ್ಕೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಕೋಲಾರವೂ ಇದ್ದವು. ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಗಳ ಜೊತೆಗೆ ತಲೆನೋವನ್ನೂ ಅದು ತನ್ನ ಕೆಲಸವೆಂದು ಹೇಳಿಕೊಂಡಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುವುದೇ ಅದರ ತಿರುಳು. ಆ ತರಬೇತಿಯ ಫಲ ಶಿಡ್ಲಘಟ್ಟದ ಓಣಿಯೊಳಗೆ ಕಾಲಿಡಬೇಕು ಎಂಬುದಷ್ಟೇ ನನ್ನ ಕೇಳಿಕೆ.

ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ವಿಚಾರಿಸಲು ಮನೆಗೆ ಬರುತ್ತಾರೆ. ಆಗಲೇ ಇದನ್ನೂ ಕೇಳಲಿ: ತಲೆನೋವಿಗೆ ತಿಂಗಳಿಗೆ ಎಷ್ಟು ದಿನ ಮಾತ್ರೆ? ಹತ್ತರ ಹತ್ತಿರ ಬಂದವರ ಹೆಸರು ಆರೋಗ್ಯ ಕೇಂದ್ರಕ್ಕೆ ಹೋಗಲಿ. ಅಲ್ಲಿ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್‌ನಂಥ ತಡೆ ಔಷಧಗಳು ಸದಾ ಸಿಗುವಂತಿರಲಿ. ಎರಡೂ ಹಳೆಯ, ಅಗ್ಗದ ಔಷಧಗಳು, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವವು. ಯಾರಿಗೆ ಯಾವುದು ಎಂದು ತೀರ್ಮಾನಿಸುವುದು ವೈದ್ಯರ ಕೆಲಸ. ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಆಗದು, ಆದ್ದರಿಂದ ಇದು ಅಂಗಡಿಯಲ್ಲಿ ಕೇಳಿ ಪಡೆಯುವ ವಿಷಯವಲ್ಲ.

ಮೆಡಿಕಲ್ ಅಂಗಡಿಗಳ ಬಗ್ಗೆ ಔಷಧ ನಿಯಂತ್ರಣ ವಿಭಾಗದೊಡನೆ ನೀವು ಮಾತನಾಡಬೇಕು. ಅಂಗಡಿಯವರನ್ನು ನಾನು ದೂರುತ್ತಿಲ್ಲ. ಮಧ್ಯರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತೆರೆಯುವವರು ಅವರೇ. ಆದರೆ ಶೀಟ್ ಕತ್ತರಿಸಿ, ನಾಲ್ಕು ಬಗೆಯ ಬಿಡಿ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟಾಗ ಔಷಧದ ಹೆಸರೂ ಎಚ್ಚರಿಕೆಯೂ ಅಂಗಡಿಯಲ್ಲೇ ಉಳಿಯುತ್ತವೆ. ಡೈಕ್ಲೋಫಿನಾಕ್‌ನಂಥವು ಕಾನೂನಿನಂತೆ ವೈದ್ಯರ ಚೀಟಿಯಿಲ್ಲದೆ ಕೊಡುವಂಥವೇ ಅಲ್ಲ. ಪ್ರತಿ ಅಂಗಡಿಯಲ್ಲೂ ಕಣ್ಣಿಗೆ ಬೀಳುವಂತೆ ಕನ್ನಡದಲ್ಲಿ ಒಂದು ಫಲಕ ಇರಲಿ, ‘ತಲೆನೋವಿಗೆ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಮಾತ್ರೆ ಬೇಕಾಗುತ್ತಿದೆಯೇ? ವೈದ್ಯರನ್ನು ಕಾಣಿ’ ಎಂದು. ಡೆನ್ಮಾರ್ಕ್ ದೇಶದಲ್ಲಿ 2016ರಲ್ಲಿ ಇದೇ ವಿಷಯಕ್ಕೆ ದೇಶವ್ಯಾಪಿ ಪ್ರಚಾರ ನಡೆಸಿದರು. ಈ ಕಾಯಿಲೆಯನ್ನು ಬಲ್ಲವರು ನೂರಕ್ಕೆ 31 ಇದ್ದವರು 38 ಆದರು. ದೊಡ್ಡ ಜಿಗಿತವಲ್ಲ, ಆದರೆ ನಮ್ಮಲ್ಲಿ ಶುರುವೇ ಆಗಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಎಲ್ಲ ತಲೆನೋವೂ ಮಾತ್ರೆಯಿಂದ ಬಂದದ್ದಲ್ಲ. ಸಿಡಿಲು ಬಡಿದಂತೆ ಒಮ್ಮೆಲೇ ಬಂದದ್ದು, ಜ್ವರ ಮತ್ತು ಕುತ್ತಿಗೆ ಬಿಗಿತದೊಡನೆ ಬಂದದ್ದು, ಕೈಕಾಲು ಸೋತು ಮಾತು ತೊದಲುವಂತಾದದ್ದು, ಐವತ್ತು ದಾಟಿದ ಮೇಲೆ ಹೊಸದಾಗಿ ಬಂದದ್ದು, ಗರ್ಭಿಣಿಯಲ್ಲಿ ಬಂದದ್ದು, ಇವಕ್ಕೆ ಎಣಿಕೆ ಮಾಡುತ್ತ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ರೀಲರ್ ಬಂಧುಗಳಲ್ಲಿ ಅನೇಕರು ನನ್ನಂತೆಯೇ ಡಬ್ಬಿ ಇಟ್ಟಿದ್ದಾರೆ, ನನಗೆ ಗೊತ್ತು. ನಾನು ನನ್ನದನ್ನು ತೆಗೆದುಹಾಕಿಲ್ಲ. ಬ್ಯಾಂಡೇಜು, ಮುಲಾಮು ಅಲ್ಲೇ ಇವೆ. ತಲೆನೋವಿನ ಮಾತ್ರೆ ಈಗ ನನ್ನ ಮೇಜಿನಲ್ಲಿದೆ, ಕೇಳಿದವರಿಗೆ ಕೊಡುವ ಮೊದಲು ಕ್ಯಾಲೆಂಡರ್ ನೋಡುತ್ತೇನೆ. ಒಲೆಯ ಮೇಲೆ ಹೊಗೆ ಹೊರಹೋಗುವ ಕೊಳವೆ ಹಾಕಿಸಿದ್ದೇನೆ. ಒಂಬತ್ತೂವರೆಗೆ ಎಲ್ಲರೂ ಕೆಲಸ ನಿಲ್ಲಿಸಿ ತಿಂಡಿ ತಿನ್ನುವ ಕಾಲು ಗಂಟೆಯ ಬಿಡುವು ಇದೆ. ಕಳೆದ ತಿಂಗಳು ಪುಸ್ತಕದಲ್ಲಿ ‘ಮಾತ್ರೆ 1 ಶೀಟ್’ ಎಂದು ಒಂದೇ ಸಾಲು ಬರೆದಿದ್ದೇನೆ, ಅದರಲ್ಲೂ ಮೂರು ಉಳಿದಿವೆ.

ಮಾರುಕಟ್ಟೆಗೆ ರಜೆ ಇರುವ ಯಾವುದೇ ದಿನ ತಾವು ಸಮಯ ಕೊಟ್ಟರೆ, ಆ ಮೂರು ವರ್ಷಗಳ ಲೆಕ್ಕದ ಪುಸ್ತಕಗಳನ್ನೂ ಕ್ಯಾಲೆಂಡರನ್ನೂ ಹಿಡಿದು ಚಿಕ್ಕಬಳ್ಳಾಪುರಕ್ಕೆ ಬರುತ್ತೇನೆ. ಅಕ್ಕನೂ ಬರುತ್ತೇನೆ ಎಂದಿದ್ದಾರೆ. ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಸ್ವತಃ ಮಾತನಾಡಲು ಅವರು ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಶಿಡ್ಲಘಟ್ಟದ ಒಬ್ಬ ರೀಲರ್